ಉಡಿ ಒಡ್ಡದೆ ಹೋದ ವರ್ಷ

ನಮ್ಮ ಹೊಲದಲ್ಲಿ ಮಲಗಲು ಜನ ಕಾರು ಮಾಡಿಕೊಂಡು ಬರುತ್ತಾರೆ ಎಂದು ಮೊದಲ ಸಲ ಹೇಳಿದಾಗ ನನ್ನ ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

"ಮನಿ ಇಲ್ಲದವರೇನ ಅವರು?" ಎಂದು ಕೇಳಿದರು.

ಮನೆ ಇದೆ, ಸಿಂಧನೂರಿನಲ್ಲಿ ಎರಡಂತಸ್ತಿನ ಮನೆ ಇದೆ, ಮಲಗುವ ಕೋಣೆಗೆ ಏಸಿಯೂ ಇದೆ ಎಂದೆ.

"ಮತ್ತ ಮನ್ಯಾಗ ಜಗಳ ಆಡ್ಯಾರೇನು?"

ಅತ್ತೆಯ ಪ್ರಕಾರ ಮನುಷ್ಯರು ಮನೆ ಬಿಟ್ಟು ಹೊಲದಲ್ಲಿ ಮಲಗುವುದಕ್ಕೆ ಮೂರೇ ಕಾರಣ. ಬೆಳೆ ಕಾಯಬೇಕು, ಕುರಿ ಕಾಯಬೇಕು, ಇಲ್ಲವೇ ಹೆಂಡತಿ ಹೊರಗೆ ಹಾಕಿರಬೇಕು. ನಾಲ್ಕನೆಯದೊಂದು ಕಾರಣ ಇರಬಹುದು ಎಂದು ಅವರನ್ನು ಒಪ್ಪಿಸಲು ನನಗೆ ಎರಡು ವರ್ಷ ಹಿಡಿಯಿತು.

ನಮ್ಮೂರು ಲಿಂಗಸುಗೂರಿನಿಂದ ಕೃಷ್ಣಾ ಹೊಳೆಯ ಕಡೆಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಊರ ಹಿಂದೆ ಗುಂಡುಕಲ್ಲುಗಳ ಗುಡ್ಡ, ಮುಂದೆ ಹೊಳೆ, ನಡುವೆ ಕಪ್ಪು ಮಣ್ಣಿನ ನಮ್ಮ ಎರೆಹೊಲ. ನಾನು ಮಸ್ಕಿಯ ಕಿರಾಣಿ ಅಂಗಡಿಯವರ ಮಗಳು, ತಕ್ಕಡಿಯ ಪಕ್ಕದಲ್ಲೇ ಆಡಿ ಬೆಳೆದವಳು. ಮದುವೆಯಾಗಿ ಬಂದ ಮೇಲೆ ಇಪ್ಪತ್ತು ವರ್ಷ ಈ ಗುಡ್ಡವನ್ನೂ ಹೊಳೆಯನ್ನೂ ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಒಂದು ಚಳಿಗಾಲ, ಬಂಡೆ ಹತ್ತುವ ಹುಚ್ಚಿನ ನಾಲ್ಕು ಮಂದಿ ಗೆಳೆಯರು ಬಂದು ಹೊಲದ ಬದುವಿನಲ್ಲಿ ಡೇರೆ ಹಾಕಿಕೊಳ್ಳಬಹುದೇ ಎಂದು ಕೇಳಿದರು. ನಮ್ಮ ಮನೆಯವರು ಯಾರಿಗೂ ಇಲ್ಲ ಅನ್ನುವವರಲ್ಲ, ಹೂಂ ಅಂದರು. ಬೆಳಿಗ್ಗೆ ಆ ಗೆಳೆಯರು ನಾನು ಮಾಡಿಕೊಟ್ಟ ಒಗ್ಗಾಣಿ-ಮಿರ್ಚಿ ತಿನ್ನುತ್ತ ಹೊಳೆ ನೋಡಿದರು, ಗುಡ್ಡ ನೋಡಿದರು, ಮತ್ತೆ ಹೊಳೆ ನೋಡಿದರು. "ಎಂಥಾ ಜಾಗಾ ರೀ ನಿಮ್ಮದು" ಎಂದರು. ಗಿರಾಕಿಯ ಮುಖ ಅಂಗಡಿಯವರ ಮಗಳಿಗೆ ಗೊತ್ತಾಗದೆ ಇರುತ್ತದೆಯೇ?

ಮರುವರ್ಷ ಬದುವಿನ ಮೇಲೆ ಮೂರು ಕೋಣೆ ಕಟ್ಟಿಸಿದೆವು. ಗುಡ್ಡದ ಕಲ್ಲಿನ ಗೋಡೆ, ಪತ್ರಾಸಿನ ತಗಡಿನ ಮಾಡು, ಕಾವು ತಾಗದಿರಲೆಂದು ಅದರ ಮೇಲೆ ಹುಲ್ಲಿನ ಹೊದಿಕೆ. ಬಂದವರು ಅದನ್ನು ಕಾಟೇಜ್ ಎಂದರು. ಅತ್ತೆ ಮಾತ್ರ ಮೊದಲ ದಿನದಿಂದಲೂ ಗೂಡು ಎಂದೇ ಕರೆದರು. "ಗೂಡಿನ್ಯಾಗಿನವರಿಗೆ ಚಾ ಕೊಟ್ಟೀಯೇನ?" ಎಂದು ಗಿರಾಕಿಗಳಿಗೆ ಕೇಳುವಂತೆಯೇ ಕೂಗುತ್ತಿದ್ದರು.

ನಾನು ಹೊಳೆಯ ಕಡೆಗೆ ಕಿಟಕಿ ಇಡಿಸಿದ್ದೆ, ಸೊಳ್ಳೆ ಪರದೆ ಕಟ್ಟಿಸಿದ್ದೆ, ಹೊಸ ಗಾದಿ ಹೊಲಿಸಿದ್ದೆ. ಮೊದಲು ಬಂದ ಸಿಂಧನೂರಿನ ಕುಟುಂಬ ಉಂಡು ಕೈ ತೊಳೆದು ಮಾಡಿದ ಮೊದಲ ಕೆಲಸವೆಂದರೆ ಮಂಚಗಳನ್ನು ಎತ್ತಿ ಅಂಗಳಕ್ಕೆ ತಂದದ್ದು. ಎರಡನೆಯವರೂ ಹಾಗೆಯೇ ಮಾಡಿದರು. ಬೇಸಿಗೆ ಬಂದರೆ ಮಾಳಿಗೆಯ ಮೇಲೆ ಮಲಗಿ ಬೆಳೆದ ನಮ್ಮ ಸೀಮೆಯ ಜನರಿಗಾಗಿ ನಾನು ಗೋಡೆ ಕಟ್ಟಿಸಿದ್ದೆ! ಇಷ್ಟು ಸಣ್ಣ ಸಂಗತಿ ನನಗೂ ಹೊಳೆದಿರಲಿಲ್ಲ, ಮನೆಯವರಿಗೂ ಹೊಳೆದಿರಲಿಲ್ಲ, ಕಟ್ಟಿದ ಗೌಂಡಿಗೂ ಹೊಳೆದಿರಲಿಲ್ಲ. ಕೋಣೆಯಲ್ಲಿ ಬ್ಯಾಗು ಮಲಗುತ್ತಿದ್ದವು, ಮಂದಿ ಹೊರಗೆ ಮಲಗುತ್ತಿದ್ದರು.

ಬರುವವರೆಲ್ಲ ಹೆಚ್ಚಾಗಿ ಕಾಲುವೆ ನೀರಿನ ಕಡೆಯವರು. ಕಣ್ಣು ಹಾಯುವವರೆಗೂ ಸಪಾಟು ಭತ್ತದ ಗದ್ದೆಯನ್ನೇ ನೋಡಿದವರಿಗೆ ಗುಡ್ಡವೆಂದರೆ ಬಹಳ ಅಚ್ಚರಿ. ಒಬ್ಬ ಮಿಲ್ಲಿನ ಸಾಹುಕಾರರು ಅರ್ಧ ದಿನ ಒಂದೇ ಬಂಡೆಗೆ ಒರಗಿ ಕೂತು, "ಗಾಳಿ ಭಾಳ ಚಲೋ ಐತ್ರಿ" ಎಂಬ ಒಂದೇ ಮಾತನ್ನು ನಾಲ್ಕು ಸಲ ಹೇಳಿ ಹೋದರು. ಸಿಂಧನೂರಿನ ಹತ್ತಿರ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನಿಂದ ಒಂದು ಬಂಗಾಲಿ ಕುಟುಂಬ ಬಂದಿತ್ತು. ನಮ್ಮ ಮನೆಯಲ್ಲಿ ಲಿಂಗಪೂಜೆ ಇದೆ, ಮೀನು ಬೇಯಿಸುವುದಿಲ್ಲ ಎಂದು ನಾನು ಹೇಳುವ ಮೊದಲೇ ಅವರ ಮನೆಯ ಹಿರಿಯಾಕೆ ಹೊಳೆಯ ದಂಡೆಯಲ್ಲಿ ಮೂರು ಕಲ್ಲು ಹೂಡಿ ಅಡುಗೆಗೆ ಕೂತಾಗಿತ್ತು. ಅತ್ತೆ ಮೂಗಿಗೆ ಸೆರಗು ಹಿಡಿದುಕೊಂಡೇ ಹತ್ತಿರ ಹೋಗಿ ಕೂತು ಆಕೆಯ ಜೊತೆ ಸಂಜೆಯವರೆಗೆ ಹರಟಿದರು.

ಮೂರು ಕೋಣೆ ಸಾಲದಾದಾಗ ನನ್ನ ಕಣ್ಣು ಹೊಳೆ ಮಗ್ಗುಲಿನ ಹೊಲದ ಮೇಲೆ ಬಿತ್ತು. ತಪ್ಪು ಶುರುವಾದದ್ದು ಅಲ್ಲಿಂದ.

ಆ ಹೊಲಕ್ಕೆ ಪ್ರತಿ ವರ್ಷ ಶಿವರಾತ್ರಿಯ ಮರುವಾರ ಕುರಿ ಬರುತ್ತಿದ್ದವು. ಜೋಳ ಕೊಯ್ದ ಹೊಲದಲ್ಲಿ ಎಂಟೊಂಬತ್ತು ರಾತ್ರಿ ಕುರಿ ನಿಲ್ಲಿಸುವುದು ನಮ್ಮ ಕಡೆಯ ಹಳೆಯ ರೂಢಿ. ಕುರಿಗೆ ಕೂಳೆ ಮೇವು, ಹೊಳೆಯ ನೀರು, ಕುರಿಯವರಿಗೆ ಕಾಳು, ಹೊಲಕ್ಕೆ ಗೊಬ್ಬರ. ಆದರೆ ನಮ್ಮ ಹೊಲದ ಕುರಿಯ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. ನಮ್ಮ ಮನೆಯವರು ಇನ್ನೂ ಸೊಂಟದ ಮೇಲಿನ ಕೂಸಾಗಿದ್ದ ಕಾಲದಲ್ಲಿ, ಹೀಗೆ ಬಂದು ನಿಂತ ಕುರಿಯವರ ಹೆಂಡತಿಗೆ ಬೆಳಗಿನ ಜಾವ ಆ ಹೊಲದಲ್ಲೇ ಹೆರಿಗೆ ಬ್ಯಾನಿ ಬಂದವಂತೆ. ಅತ್ತೆ ಬಿಸಿನೀರಿನ ಕೊಡ ಹೊತ್ತುಕೊಂಡು ಓಡಿದ್ದರಂತೆ. ಹುಟ್ಟಿದ್ದು ಹೆಣ್ಣು. ಕೂಸಿಗೆ ಮೊದಲ ನೀರು ಹಾಕಿದವರು ನನ್ನ ಅತ್ತೆ. ಅವರಿಗೆ ಆಮೇಲೆ ಮತ್ತೆ ಮೂವರು ಗಂಡುಮಕ್ಕಳು ಹುಟ್ಟಿದರೇ ವಿನಾ ಹೆಣ್ಣು ಹುಟ್ಟಲಿಲ್ಲ. "ನನ್ನ ಮಗಳು ಹೊಲದಾಗ ಹುಟ್ಯಾಳ" ಎಂದು ಅವರು ಬೀಗರ ಮುಂದೆಯೂ ಹೇಳುತ್ತಿದ್ದರು.

ಆ ಮಗಳು ಬೆಳೆದು, ಕುರಿಯವರ ಮನೆಗೇ ಮದುವೆಯಾಗಿ, ಗಂಡನ ಹಿಂಡನ್ನು ಕರೆದುಕೊಂಡು ಪ್ರತಿ ವರ್ಷ ಬರುತ್ತಿದ್ದಳು. ಎರಡು ತಟ್ಟುಗುದುರೆಗಳ ಮೇಲೆ ಸಂಸಾರ, ಹೆಗಲ ಮೇಲೆ ಕಂಬಳಿ. ಅತ್ತೆಗೆ ಯವ್ವಾ ಎನ್ನುತ್ತಿದ್ದಳು, ನಮ್ಮ ಮನೆಯವರಿಗೆ ಅಣ್ಣ, ನನಗೆ ಅತ್ತಿಗಿ. ವಯಸ್ಸಿನಲ್ಲಿ ನನಗಿಂತ ದೊಡ್ಡವಳಾದ್ದರಿಂದ ನಾನು ಅಕ್ಕಾ ಎನ್ನುತ್ತಿದ್ದೆ. ಹೊರಡುವ ದಿನ ಅತ್ತೆ ಅವಳನ್ನು ಹೊಸ್ತಿಲ ಬಳಿ ನಿಲ್ಲಿಸಿ ಉಡಿ ತುಂಬುತ್ತಿದ್ದರು. ಜೋಳ, ಕೊಬ್ಬರಿ ಬಟ್ಟಲು, ಎಲೆ-ಅಡಿಕೆ, ಅರಿಷಿಣ ಕೊಂಬು, ಒಂದು ಕುಪ್ಪಸದ ಕಣ. ತುಂಬಿಸಿಕೊಂಡ ಮೇಲೆ ಅವಳು ಉಡಿಯಿಂದ ಒಂದು ಹಿಡಿ ಜೋಳ ತೆಗೆದು ಹೊಸ್ತಿಲೊಳಗೆ ಹಾಕಿ, "ತವರು ತುಂಬಿರಲಿ" ಎಂದು ಹೇಳಿ, ಹಿಂದಿರುಗಿ ನೋಡದೆ ಹೋಗುತ್ತಿದ್ದಳು. ಉಡಿ ತುಂಬಿಸಿಕೊಂಡಳೆಂದರೆ ಮುಂದಿನ ಶಿವರಾತ್ರಿಗೆ ಬರುತ್ತಾಳೆ ಎಂದೇ ಅರ್ಥ. ಇವರು ಬಾ ಅನ್ನುವುದಿಲ್ಲ, ಅವಳು ಬರಲೇ ಎಂದು ಕೇಳುವುದಿಲ್ಲ.

ಒಂದು ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ನೋಯಿಸಿಕೊಂಡರು. ಆ ಸಲ ಉಡಿ ತುಂಬಿದವಳು ನಾನು. ಹೊಸ ಕೆಲಸ ನೋಡಿ, ಸುಮ್ಮನೆ ತುಂಬಿ ಬಿಡುವ ಬದಲು, "ಮುಂದಿನ ವರ್ಷ ಬರ್ತೀ ಅಲ್ಲಕ್ಕಾ?" ಎಂದು ಬೇರೆ ಕೇಳಿದೆ.

ಅವಳು ನಕ್ಕಳು. "ಉಡಿ ತುಂಬಿ ಮತ್ತ ಕೇಳ್ತೀಯಲ್ಲ ಅತ್ತಿಗಿ!"

ಅದೇ ಮಳೆಗಾಲದಲ್ಲಿ ನಾನು ಹೊಳೆ ಮಗ್ಗುಲಿನ ಹೊಲದಲ್ಲಿ ಆರು ಡೇರೆ ಹಾಕಿಸುವ ವಿಚಾರ ತೆಗೆದೆ. ಅಲ್ಲಿ ಈ ಸಲ ಜೋಳ ಬಿತ್ತುವುದು ಬೇಡ, ನೆಲ ಸಮ ಮಾಡಿಸೋಣ ಎಂದೆ. ಅತ್ತೆ ಮಂಚದ ಮೇಲಿಂದಲೇ, "ಕುರಿ ಎಲ್ಲಿ ನಿಲ್ತಾವ?" ಎಂದು ಕೇಳಿದರು. "ಆವಾಗ ನೋಡೋಣಂತ" ಎಂದೆ. ಮನೆಯವರು ನನ್ನ ಮುಖ ನೋಡಿದರು.

ಡೇರೆಗಳು ಚೆನ್ನಾಗಿ ನಡೆದವು. ಅವುಗಳಲ್ಲೂ ನಮ್ಮ ಸೀಮೆಯವರು ಕಾಲು ಒಳಗೆ, ತಲೆ ಹೊರಗೆ ಮಾಡಿಯೇ ಮಲಗುತ್ತಿದ್ದರು ಎಂಬುದು ಬೇರೆ ಮಾತು. ಮಾಘ ಶುರುವಾಗುವ ಹೊತ್ತಿಗೆ ಸಿಂಧನೂರಿನಿಂದ ಒಂದು ದೊಡ್ಡ ಕುಟುಂಬ ಮೂರು ದಿನಕ್ಕೆ ಎಲ್ಲ ಕೋಣೆ, ಎಲ್ಲ ಡೇರೆ ಬೇಕೆಂದು ಕೇಳಿತು. ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಸೇರಿ ಹದಿನೆಂಟು ಜನ. ಅವರು ಕೇಳಿದ್ದು ಶಿವರಾತ್ರಿಯ ಮರುವಾರ. ಆಗ ನನಗೆ ಕುರಿ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು. ನಾಲ್ಕು ದಿನ ತಡವಾಗಿ ಬಂದರೆ ಬರಬಹುದು ಎಂದು ನನಗೆ ನಾನೇ ಹೇಳಿಕೊಂಡು ಹೂಂ ಅಂದುಬಿಟ್ಟೆ.

ಆ ಕುಟುಂಬ ಬಂದಿಳಿದ ದಿನವೇ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಬದುವಿನಾಚೆ ಗಂಟೆಗಳ ಸಪ್ಪಳ ಕೇಳಿತು. ಅತ್ತೆ ಮನೆಯಲ್ಲಿರಲಿಲ್ಲ. ಸೊಂಟದ ಔಷಧಕ್ಕೆಂದು ಲಿಂಗಸುಗೂರಿನಲ್ಲಿ ನನ್ನ ಮೈದುನನ ಮನೆಗೆ ಹೋಗಿದ್ದರು. ನಾನೊಬ್ಬಳೇ ಬದುವಿಗೆ ಹೋದೆ.

ಅವಳು ಹಿಂಡನ್ನು ಹಿಂದೆ ನಿಲ್ಲಿಸಿ ಹೊಲ ನೋಡುತ್ತ ನಿಂತಿದ್ದಳು. "ಅತ್ತಿಗಿ, ಮನ್ಯಾಗ ಮದಿವಿ ಐತೇನು? ಹಂದರ ಹಾಕೀರಿ?"

"ಮದಿವಿ ಅಲ್ಲಕ್ಕಾ. ಮಂದಿ ಉಳಕೊಳ್ಳಾಕ ಬಂದಾರ. ಈ ಸಲ ಹೊಲ ಖಾಲಿ ಇಲ್ಲ."

"ಎಷ್ಟ್ ದಿನ ಇರ್ತಾರ?"

"ಮೂರ್ ದಿನ. ಇವರು ಹೋದ ಮ್ಯಾಲೆ ಮತ್ತೊಬ್ಬರು ಬರ್ತಾರ."

ಆ ಕೊನೆಯ ಮಾತು ಹೇಳುವ ಅಗತ್ಯವಿರಲಿಲ್ಲ, ಅದು ಪೂರ್ತಿ ನಿಜವೂ ಆಗಿರಲಿಲ್ಲ. ತಪ್ಪು ಮಾಡುವಾಗ ನನಗೆ ಬಾಯಿ ಜೋರು. ಅವಳು ಕಂಬಳಿಯ ಮಡಿಕೆ ಸರಿಸಿದಳು. ಒಳಗೆ ಇನ್ನೂ ಮೈ ಒಣಗದ ಎರಡು ಮರಿಗಳಿದ್ದವು.

"ನಿನ್ನಿ ಆರು ಕುರಿ ಈದಾವ, ಇವತ್ತ ಎರಡು. ಮರಿ ಇನ್ನ ನಡೆಯಂಗಿಲ್ಲ" ಎಂದಳು.

"ಹೊಳಿ ದಂಡಿಗೆ ಉಸುಕಿನ ಮ್ಯಾಲೆ ನಿಲ್ಲಸು. ನೀರೂ ಸಮೀಪ ಆಗತೈತಿ" ಎಂದೆ. ಅವಳಿಗೇ ಅನುಕೂಲ ಮಾಡಿಕೊಟ್ಟವಳ ಧಾಟಿಯಲ್ಲಿ ಹೇಳಿದೆ. "ಬೇಕಂದ್ರ ನೀ ಒಬ್ಬಾಕಿ ನಮ್ಮ ಮನ್ಯಾಗ ಮಲಕ್ಕೊ, ಜಾಗಾ ಮಾಡಿಕೊಡ್ತೀನಿ."

"ಮರಿ ಹೊರಗ, ನಾ ಒಳಗ?" ಎಂದು ಕೇಳಿದಳು. ಸಿಟ್ಟಿನಿಂದ ಕೇಳಲಿಲ್ಲ. ಹಿಂಡನ್ನು ತಿರುಗಿಸಿಕೊಂಡು ದಂಡೆಗೆ ಇಳಿದಳು.

ಉಸುಕಿನಲ್ಲಿ ಗೂಟ ನಿಲ್ಲುವುದಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ಕುರಿಯ ಸುತ್ತ ಬಲೆ ಕಟ್ಟಲು ಗೂಟ ಬೇಕು, ಗೂಟಕ್ಕೆ ಎರೆಮಣ್ಣು ಬೇಕು. ಮರುದಿನ ನಸುಕಿನಲ್ಲಿ ಮನೆಯವರು ದಂಡೆಗೆ ಹೋಗಿ ಬಂದರು. ಅವಳು, ಅವಳ ಗಂಡ, ಮಗ, ಸೊಸೆ ನಾಲ್ವರೂ ಬಲೆಯ ನಾಲ್ಕು ಮೂಲೆಗೆ ಕೂತು ಗೂಟಗಳನ್ನು ಕೈಯಲ್ಲಿ ಹಿಡಿದುಕೊಂಡೇ ಬೆಳಕು ಹರಿಸಿದ್ದರಂತೆ. ಇಷ್ಟು ಹೇಳಿ ಅವರು ನಾನು ಕೊಟ್ಟ ಚಹಾ ಮುಟ್ಟದೆ ಎದ್ದು ಹೋದರು. ನಾನು ಮಾತ್ರ ಹದಿನೆಂಟು ಜನರಿಗೆ ರೊಟ್ಟಿ ತಟ್ಟಿದೆ, ಪುಂಡಿ ಪಲ್ಯ ಮಾಡಿದೆ, ಹರಗೋಲಿನವನಿಗೆ ಹೇಳಿ ಕಳಿಸಿದೆ, ಹಂಡೆಗೆ ಉರಿ ಹಾಕಿದೆ. ಬಂದವರು ಬಹಳ ಖುಷಿಯಾಗಿದ್ದರು. ಎಲ್ಲರ ಬಾಯಲ್ಲೂ ಮೇಡಂ, ಮೇಡಂ. ಅವರ ಮನೆಯ ಅಜ್ಜಿ ಒಮ್ಮೆ, "ಆ ಗಂಟಿ ಸಪ್ಪಳ ಕೇಳಕೋಂತ ಮಲಗಿದ್ರ ನಿದ್ದಿ ಚಲೋ ಬರತೈತಿ ನೋಡವ್ವ" ಎಂದಾಗ ನಾನು ಹಂಡೆಯ ಉರಿ ನೋಡುವ ನೆಪದಲ್ಲಿ ಅಲ್ಲಿಂದ ಎದ್ದೆ.

ಮೂರನೆಯ ಬೆಳಿಗ್ಗೆ ಮೈದುನ ಅತ್ತೆಯನ್ನು ಕಾರಿನಲ್ಲಿ ಕರೆದುಕೊಂಡು ಬಂದ. ಅತ್ತೆ ಇಳಿಯುತ್ತಿದ್ದಂತೆ ದಂಡೆಯಲ್ಲಿ ಕುರಿ ಕಂಡರು, ಹೊಲದಲ್ಲಿ ಡೇರೆ ಕಂಡರು. ಅಷ್ಟರಲ್ಲಿ ಅವಳೇ ಮೇಲೆ ಬಂದಳು, ಹೊರಡುತ್ತೇವೆ ಎಂದು ಹೇಳಲು. ಅತ್ತೆ ಅವಸರದಿಂದ ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಮೊರದಲ್ಲಿ ಜೋಳ, ಎಲೆ-ಅಡಿಕೆ ತಂದರು. ಅವಳು ಮೆಟ್ಟಿಲು ಹತ್ತಲಿಲ್ಲ. ಕೆಳಗೇ ನಿಂತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬ್ಯಾಡ ಯವ್ವಾ" ಎಂದಳು. "ಉಡಿ ತುಂಬಿಸ್ಕೊಂಡ್ರ ಬರಬೇಕಾಗತೈತಿ."

ಅತ್ತೆ ಮೊರ ಹಿಡಿದುಕೊಂಡೇ ನಿಂತರು. ಅವಳು ಅವರ ಪಾದ ಮುಟ್ಟಿ, ನನ್ನ ಕಡೆ ತಿರುಗಿ, "ಬರ್ತೀನ್ರಿ ಮೇಡಮ್ಮಾರ" ಎಂದಳು. ಎರಡು ದಿನದಿಂದ ಎಲ್ಲರೂ ನನ್ನನ್ನು ಕೂಗುತ್ತಿದ್ದುದನ್ನು ಅವಳು ಕೇಳಿಸಿಕೊಂಡಿದ್ದಳು.

ಅತ್ತೆ ಮೊರದ ಜೋಳವನ್ನು ತಿರುಗಿ ಚೀಲಕ್ಕೆ ಸುರಿದರು. "ಗೂಡು ಕಟ್ಟಿ ಮಗಳನ್ನ ಹೊರಗ ಹಾಕಿದ್ವಿ" ಎಂದು ಒಂದೇ ಮಾತು ಹೇಳಿದರು. ಆಮೇಲೆ ನನ್ನ ಜೊತೆ ಮಾತು ಬಿಟ್ಟರೆಂದು ಯಾರೂ ತಿಳಿಯಬಾರದು. ಉಪ್ಪು ಕೊಡು ಅನ್ನುತ್ತಿದ್ದರು, ನೀರು ಕಾಯ್ತೇನು ಎಂದು ಕೇಳುತ್ತಿದ್ದರು. ಬೈಯುವುದನ್ನು ಮಾತ್ರ ನಿಲ್ಲಿಸಿಬಿಟ್ಟರು. ಇಪ್ಪತ್ತಕ್ಕೂ ಹೆಚ್ಚು ವರ್ಷ ದಿನಕ್ಕೊಂದಾದರೂ ಬೈಗುಳ ಕೇಳಿದವಳು ನಾನು. ರೊಟ್ಟಿ ಹೊತ್ತಿಸಿದರೂ ಬೈಯಲಿಲ್ಲ, ಹಾಲು ಉಕ್ಕಿಸಿದರೂ ಬೈಯಲಿಲ್ಲ. ಒಂದು ದಿನ ಬೇಕೆಂದೇ ಅವರ ಮುಂದೆ ಹಿತ್ತಾಳೆಯ ಚರಿಗೆ ಕೆಡವಿದೆ. ಅವರು ಅದನ್ನು ನೋಡಿ, ಬಗ್ಗಲಾಗದ ಸೊಂಟದಲ್ಲೇ ಬಗ್ಗಿ ತಾವೇ ಎತ್ತಿಟ್ಟರು. ಹೊರಗಿನವಳ ಜೊತೆ ನಡೆದುಕೊಂಡ ಹಾಗಿತ್ತು.

ನಾನೇನು ತಕ್ಷಣ ಬದಲಾಗಲಿಲ್ಲ. ಎಲ್ಲರ ಮೇಲೂ ಸಿಟ್ಟು ಬಂದಿತ್ತು. ಹೊಲ ನಮ್ಮದು, ಕುರಿ ಅವರದು, ಹೊಳೆ ದಂಡೆ ಏನು ಕಾಡೇ ಎಂದು ಪಾತ್ರೆಗಳಿಗೆ ಹೇಳುತ್ತ ತಿಕ್ಕಿದೆ. ಬೇಸಿಗೆಯಲ್ಲಿ ಹುಳಿಹುಳಿಯಾದ ಮನಸ್ಸಿನಲ್ಲೇ ನಾಲ್ಕು ದಿನ ಇದ್ದು ಬರೋಣವೆಂದು ಮಸ್ಕಿಗೆ, ಅಣ್ಣನ ಮನೆಗೆ ಹೋದೆ.

ಅಲ್ಲಿ ಮೇಲಿನ ಸಣ್ಣ ಕೋಣೆ ನನ್ನದು. ಮದುವೆಯಾದ ಮೇಲೂ ಹೋದಾಗಲೆಲ್ಲ ಅಲ್ಲೇ ಮಲಗುತ್ತಿದ್ದೆ, ಕಿಟಕಿಯಿಂದ ಮಸ್ಕಿಯ ಗುಡ್ಡ ಕಾಣುತ್ತಿತ್ತು. ಈ ಸಲ ಹೋಗಿ ನೋಡಿದರೆ ಕೋಣೆಯ ತುಂಬ ಎಣ್ಣೆ ಡಬ್ಬಿ, ಬೆಲ್ಲದ ಪೆಂಟಿ, ಸಾಬೂನಿನ ರಟ್ಟಿನ ಡಬ್ಬ. ವ್ಯಾಪಾರ ಬೆಳೆದಿದೆ, ಅಣ್ಣ ಏನು ಮಾಡಬೇಕು? ಅತ್ತಿಗೆ ಪಡಸಾಲೆಯಲ್ಲಿ ನನಗೆ ಹಾಸಿಗೆ ಹಾಸಿ, "ಇಲ್ಲೇ ಮಲಕ್ಕೊ, ಫ್ಯಾನಿನ ಗಾಳಿ ಚಲೋ ಬರತೈತಿ" ಎಂದರು. ಗಾಳಿ ನಿಜವಾಗಿಯೂ ಚೆನ್ನಾಗಿತ್ತು. ಯಾರೂ ನನಗೆ ಕೆಟ್ಟದ್ದು ಮಾಡಿರಲಿಲ್ಲ. ಆದರೂ ಮರುದಿನವೇ ಬ್ಯಾಗು ಎತ್ತಿಕೊಂಡೆ. ಅತ್ತಿಗೆ ಉಡಿ ತುಂಬಲು ಬಂದಾಗ ಸುಮ್ಮನೆ ಸೆರಗು ಒಡ್ಡಿದೆ. ಬೇಡ ಅನ್ನುವಷ್ಟು ಎದೆ ನನಗಿರಲಿಲ್ಲ.

ಬಸ್ಸು ಲಿಂಗಸುಗೂರಿನ ದಾರಿ ಹಿಡಿದಾಗ ಅತ್ತಿಗೆಯ ಮಾತು, ಅದರ ಬೆನ್ನಿಗೇ ಬದುವಿನಲ್ಲಿ ನಾನಾಡಿದ ಮಾತು ತಾವಾಗಿ ನೆನಪಾದವು. ಫ್ಯಾನಿನ ಗಾಳಿ ಚಲೋ ಬರತೈತಿ. ನೀರೂ ಸಮೀಪ ಆಗತೈತಿ. ನನಗೆ ಬಹಳ ನಾಚಿಕೆಯಾಯಿತು. ಪಕ್ಕದಲ್ಲಿ ಕೂತಿದ್ದಾಕೆ, "ಯಾಕವ್ವ, ತವರು ಬಿಟ್ಟು ಬರಾಕತ್ತೀಯೇನು?" ಎಂದು ಕೇಳಿದಳು. ಹೌದು ಎಂದೆ.

ಮನೆಗೆ ಬಂದು ಮನೆಯವರಿಗೆ ಹೇಳಿದೆ, ಆ ಹೊಲದಲ್ಲಿ ಮೊದಲಿನಂತೆ ಜೋಳ ಬಿತ್ತೋಣ, ಡೇರೆಗೆ ಗುಡ್ಡದ ಕೆಳಗೆ ಬೆಳೆ ಬಾರದ ಗರಸು ನೆಲ ನೋಡೋಣ ಎಂದು. ಅವರು ಮಳೆ ಬೀಳುವ ತನಕವೂ ಕಾಯಲಿಲ್ಲ, ಮರುದಿನವೇ ಡೇರೆ ಕಿತ್ತರು. ಕುರಿಯ ಅಕ್ಕನ ಮಗನಿಗೆ ಫೋನು ಹಚ್ಚಲೇ ಎಂದೂ ಕೇಳಿದರು. ಅತ್ತೆ ಮಂಚದ ಮೇಲಿಂದ, ನನ್ನ ಕಡೆ ನೋಡದೆ, "ಫೋನ್ ಹಚ್ಚಿ ತವರಿಗೆ ಕರೀತಾರೇನಪ್ಪ?" ಎಂದರು.

ಭತ್ತದ ಕೊಯ್ಲು ಮುಗಿಯುವ ಕಾಲಕ್ಕೆ ಗೊರೇಬಾಳದ ಗದ್ದೆಗಳಲ್ಲಿ ಪಡುವಣ ಕಡೆಯ ಕುರಿ ಬಂದು ನಿಂತಿವೆ, ಅವಳ ಹಿಂಡೂ ಇದೆ ಎಂದು ಹರಗೋಲಿನವನು ಸುದ್ದಿ ತಂದ. ಮರುದಿನ ನಾನು ಒಂದು ಕೈಚೀಲದಲ್ಲಿ ಉಡಿಯ ಸಾಮಾನೆಲ್ಲ ಕಟ್ಟಿಕೊಂಡು ಹೊರಟೆ. ಲಿಂಗಸುಗೂರು, ಮಸ್ಕಿ, ಸಿಂಧನೂರು, ಅಲ್ಲಿಂದ ಆಟೊ. ನಮ್ಮ ಗುಡ್ಡದ ಕಡೆಯಿಂದ ಹೋದವಳಿಗೆ ಅಲ್ಲಿಯ ನೆಲ ಎಷ್ಟು ಬಯಲು ಎಂದರೆ ಹಿಂಡು ಇನ್ನೂ ದೂರವಿರುವಾಗಲೇ ಕಂಡಿತು. ಕಾಲುವೆಯ ಏರಿಯ ಮೇಲೆ ನಡೆದುಕೊಂಡು ಹೋದೆ. ಅವಳು ಕೂಳೆಯ ನಡುವೆ ಕೂತು ಒಂದು ಮರಿಯ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದಳು.

"ಇಷ್ಟ್ ದೂರ ಬಂದೀರಿ?" ಎಂದಳು. ಬಂದೀ ಅನ್ನಲಿಲ್ಲ, ಬಂದೀರಿ ಅಂದಳು. ಎದ್ದು ಕಂಬಳಿ ಹಾಸಿದಳು, ಸೊಸೆಗೆ ಚಹಾಕ್ಕಿಡಲು ಹೇಳಿದಳು.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು. "ತಪ್ಪಾತಕ್ಕಾ" ಎಂದೆ. "ಡೇರೆ ಕಿತ್ತೀವಿ. ಜೋಳ ಬಿತ್ತೀವಿ. ಶಿವರಾತ್ರಿಯಿಂದ ಯುಗಾದಿ ತನಕ ಆ ಹೊಲ ನಿಂದು. ಯಾರ್ ಕೇಳಿದ್ರೂ ಕೊಡಂಗಿಲ್ಲ."

ಅವಳು ಮರಿಯ ಕಾಲು ಒತ್ತಿ ನೋಡಿ ಕೆಳಗೆ ಬಿಟ್ಟಳು. ಅದು ಕುಂಟದೆ ಹೋಯಿತು. "ಯವ್ವ ಹೆಂಗದಾಳ?"

"ಸೊಂಟ ಸುಧಾರಿಸೈತಿ. ನನ್ನ ಬೈಯೂದು ಬಿಟ್ಟಾಳ."

ಅದನ್ನು ಕೇಳಿ ಅವಳು ಸ್ವಲ್ಪ ನಕ್ಕಳೋ ಏನೋ. ಚಹಾ ಕುಡಿದ ಮೇಲೆ ನಾನು ಕೈಚೀಲ ಬಿಚ್ಚಿ ಎಲೆ-ಅಡಿಕೆ ಹೊರಗೆ ತೆಗೆದೆ. ಅವಳು ನನ್ನ ಕೈ ಹಿಡಿದು ತಡೆದಳು.

"ಇಲ್ಲಿ ಬ್ಯಾಡ. ತವರಿನ ಉಡಿ ತವರಿನ ಹೊಸ್ತಿಲದಾಗ ತುಂಬಬೇಕು. ಮಂದಿ ಗದ್ದ್ಯಾಗ ತುಂಬಿಸ್ಕೊಳ್ಳಾಕ ನಾನೇನ ದಿಕ್ಕಿಲ್ಲದಾಕೀನು?"

ಬರುತ್ತೇನೆ ಎಂದು ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ತುಂಬಿದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಿರುಗಿ ಬಂದೆ. ಅತ್ತೆಗೆ ನಡೆದದ್ದನ್ನು ನಡೆದಂತೆ ಹೇಳಿದೆ. ಅವರು ಕೇಳಿ, ಚೀಲವನ್ನು ಇಸಿದುಕೊಂಡು ತಮ್ಮ ಮಂಚದ ತಲೆದೆಸೆಗೆ ಇಟ್ಟುಕೊಂಡರು.

ಶಿವರಾತ್ರಿ ಬಂತು, ಹೋಯಿತು. ಹೊಳೆ ಮಗ್ಗುಲಿನ ಹೊಲದಲ್ಲಿ ಜೋಳ ಕೊಯ್ದು ಕೂಳೆ ನಿಂತಿತ್ತು. ಗರಸು ನೆಲ ಇನ್ನೂ ಸಮವಾಗಿರಲಿಲ್ಲ, ಹೋದ ವರ್ಷ ಬಂದವರು ಮತ್ತೆ ಫೋನು ಮಾಡಿ ಡೇರೆ ಕೇಳುತ್ತಿದ್ದರು. ಈಗ ಇಲ್ಲ, ಮಗಳು ಬರುವವಳಿದ್ದಾಳೆ ಎನ್ನುತ್ತಿದ್ದೆ. ಒಬ್ಬಾಕೆ ಬಹಳ ಅಕ್ಕರೆಯಿಂದ, "ಹೌದೇನ್ರಿ, ಎಷ್ಟ್ ತಿಂಗಳಾತ್ರಿ?" ಎಂದು ಕೇಳಿದರು. ವಾರ ಕಳೆಯಿತು. ಹತ್ತನೆಯ ದಿನವೂ ಕಳೆಯಿತು. ಮನೆಯವರು ದಿನಾ ಎದ್ದು ಬದುವಿನ ತನಕ ಹೋಗಿ ಸುಮ್ಮನೆ ತಿರುಗಿ ಬರುತ್ತಿದ್ದರು. ಅತ್ತೆ ಚೀಲ ಬಿಚ್ಚಿ ಒಣಗಿದ ಎಲೆ ತೆಗೆದು ಹೊಸ ಎಲೆ ಇಡುವುದನ್ನು ಎರಡು ಸಲ ನೋಡಿದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಅತ್ತೆ ಕಟ್ಟೆಯ ಮೇಲೆ ಕೂತವರು ತಲೆ ಎತ್ತಿದರು. ನನಗೆ ಇನ್ನೂ ಏನೂ ಕೇಳಿಸಿರಲಿಲ್ಲ. ಆಮೇಲೆ ನನಗೂ ಗಂಟೆಯ ಸಪ್ಪಳ ಕೇಳಿತು.

ಹಿಂಡು ಬದುವಿನ ಮೇಲೆ ಬಂದು ನಿಂತಿತು. ಅವಳು ಹೊಲದ ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದಳು. ತಟ್ಟುವಿನ ಬೆನ್ನಿಂದ ಗೂಟ ಎಳೆದುಕೊಂಡು, ಹೋದ ವರ್ಷ ಮೂರನೆಯ ಡೇರೆ ಇದ್ದ ಜಾಗಕ್ಕೆ ನೇರವಾಗಿ ನಡೆದು, ನೆಲಕ್ಕೆ ಹೊಡೆದಳು. ಎರೆಮಣ್ಣಿನಲ್ಲಿ ಗೂಟ ಗಟ್ಟಿಯಾಗಿ ನಿಂತಿತು.

ಒಂಬತ್ತು ದಿನ ಇದ್ದರು. ಆ ವಾರ ಕೋಣೆಗಳಿಗೆ ಬಂದವರಿಗೆಲ್ಲ ಕುರಿ ಇವೆ, ವಾಸನೆ ಇರುತ್ತದೆ ಎಂದು ಮೊದಲೇ ಹೇಳಿದ್ದೆ. ಇಬ್ಬರು ಬೇಡವೆಂದರು. ಬಂದವರು ಎಂದಿನಂತೆ ಮಂಚ ಎತ್ತಿ ಅಂಗಳಕ್ಕೆ ತಂದರು. ಅತ್ತೆ ದಿನಾ ಕೋಲೂರಿಕೊಂಡು ಹೊಲಕ್ಕೆ ಹೋಗಿ ಮರಿಗಳ ನಡುವೆ ಕೂತು ಬರುತ್ತಿದ್ದರು. ನನ್ನ ಜೊತೆ ಅವಳು ಬೇಕಾದಷ್ಟೇ ಮಾತಾಡಿದಳು, ನೀರಿನ ಬಗ್ಗೆ, ಕಾಳಿನ ಬಗ್ಗೆ. ಹೆಸರು ಹಿಡಿದಾಗಲಿ ಸಂಬಂಧ ಹಿಡಿದಾಗಲಿ ಕೂಗಲಿಲ್ಲ. ಹೊರಡುವ ದಿನ ಹತ್ತಿರ ಬಂದಂತೆ ನನಗೆ ಅಂಜಿಕೆ ಹತ್ತಿತು. ಯವ್ವನ ಮುಖ ನೋಡಲು ಬಂದಿರಬಹುದು, ಉಡಿ ತುಂಬಿಸಿಕೊಳ್ಳುತ್ತಾಳೆಂದು ಯಾರು ಹೇಳಬೇಕು?

ಹೊರಡುವ ಬೆಳಿಗ್ಗೆ ಅತ್ತೆ ಮೊರವನ್ನು ನನ್ನ ಕೈಗೆ ಕೊಟ್ಟು, "ನೀನ ತುಂಬು" ಎಂದರು. ತಾವು ಕಟ್ಟೆಯ ಮೇಲೆ ಕೂತರು. ಅವಳು ಅಂಗಳಕ್ಕೆ ಬಂದಳು. ಮೆಟ್ಟಿಲ ಕೆಳಗೆ ಒಂದು ಗಳಿಗೆ ನಿಂತಳು. ಆಮೇಲೆ ಮೆಟ್ಟಿಲು ಹತ್ತಿ ಹೊಸ್ತಿಲ ಮುಂದೆ ನನ್ನೆದುರು ನಿಂತು ಸೆರಗು ಒಡ್ಡಿದಳು.

ಜೋಳ ಹಾಕಿದೆ, ಕೊಬ್ಬರಿ ಬಟ್ಟಲು ಇಟ್ಟೆ, ಎಲೆ-ಅಡಿಕೆ, ಅರಿಷಿಣ ಕೊಂಬು, ಕಣ ಇಟ್ಟೆ. ಏನೂ ಕೇಳಲಿಲ್ಲ. ಅವಳು ಉಡಿ ಕಟ್ಟಿಕೊಂಡು ಅದರೊಳಗಿಂದ ಒಂದು ಹಿಡಿ ಜೋಳ ತೆಗೆದಳು. ಹೊಸ್ತಿಲೊಳಗೆ ಹಾಕಲೆಂದು ನಾನು ಪಕ್ಕಕ್ಕೆ ಸರಿದೆ. ಅವಳು ಹಾಕಲಿಲ್ಲ, ಮುಷ್ಟಿಯನ್ನು ನನ್ನ ಮುಂದೆ ಹಿಡಿದಳು.

"ಉಡಿ ಒಡ್ಡು ಅತ್ತಿಗಿ" ಎಂದಳು.

ನಾನು ಸೆರಗು ಒಡ್ಡಿದೆ. ಅವಳು ಆ ಹಿಡಿ ಜೋಳವನ್ನು ಅದರಲ್ಲಿ ಸುರಿದಳು. "ತವರು ತುಂಬಿರಲಿ" ಎಂದಳು. ಮೆಟ್ಟಿಲಿಳಿದು, ತಿರುಗಿ ನೋಡದೆ ಹೋದಳು.

ನಾನು ಸೆರಗು ಹಿಡಿದುಕೊಂಡೇ ನಿಂತೆ. ಕಣ್ಣಲ್ಲಿ ನೀರು ತುಂಬಿ ಬದುವಿನ ಮೇಲೆ ಹೋಗುತ್ತಿದ್ದ ಹಿಂಡು ಸರಿಯಾಗಿ ಕಾಣಲಿಲ್ಲ. ಕೈ ಸಡಿಲಾಗಿ ಸೆರಗಿನ ತುದಿಯಿಂದ ಜೋಳ ಒಂದೊಂದೇ ಕಾಳು ಕೆಳಗೆ ಬೀಳುತ್ತಿತ್ತು, ಅದೂ ತಿಳಿಯಲಿಲ್ಲ.

"ಯಾಕ್ ಹಂಗ ನಿಂತೀಯಲೇ ಹುಚ್ಚಿ?" ಎಂದು ಕಟ್ಟೆಯ ಮೇಲಿಂದ ಅತ್ತೆ ಕೂಗಿದರು. "ಜೋಳ ಚೆಲ್ಲಾಕತ್ತೈತಿ, ಖಬರ್ ಐತೇನ ನಿನಗ?"

ವರ್ಷದ ಮೇಲೆ ಅವರು ನನ್ನನ್ನು ಬೈದದ್ದು ಅದೇ ಮೊದಲು. ನಾನು ಅಲ್ಲೇ ಕೂತು, ಬೈಗುಳ ಕೇಳುತ್ತ, ಚೆಲ್ಲಿದ ಜೋಳವನ್ನು ಕಾಳು ಬಿಡದೆ ಆರಿಸಿಕೊಂಡೆ.